ನೀವು ಮನುಷ್ಯರೆ?

ಬೆಳಗಿನ ಹತ್ತು ಗಂಟೆಗೆ ಇನ್ನು ಎರಡೇ ನಿಮಿಷ. ನಾಳೆ ಹೊರಡುವ ರೈಲಿನಲ್ಲಿ ಹೇಗಾದರೂ ಸ್ಥಳ ದೊರಕಿಸಿಕೊಳ್ಳಬೇಕೆಂದು ದೇಶದ ಉದ್ದಗಲಕ್ಕೂ ಎಷ್ಟೋ ಮನೆಗಳಲ್ಲಿ ಜನರು ಗಣಕದ ಮುಂದೆಯೋ ಮೊಬೈಲಿನ ಮುಂದೆಯೋ ಉಸಿರು ಬಿಗಿಹಿಡಿದು ಕುಳಿತಿದ್ದಾರೆ. ಒಬ್ಬರ ಮನೆಯಲ್ಲಿ ಮದುವೆ. ಇನ್ನೊಬ್ಬರಿಗೆ ಊರಿನಿಂದ ಬಂದ ಸುದ್ದಿ ಅಶುಭದ್ದು. ಮತ್ತೊಬ್ಬರ ಮಗನಿಗೆ ದೂರದ ಪಟ್ಟಣದಲ್ಲಿ ಸಂದರ್ಶನ. ಮುಂಗಡವಾಗಿ ಯೋಚಿಸಿ ಹೊರಡಲು ಅವಕಾಶವಿಲ್ಲದವರಿಗಾಗಿ ರೈಲ್ವೆ ಇಲಾಖೆ ಪ್ರತ್ಯೇಕವಾಗಿ ತೆಗೆದಿಟ್ಟಿರುವ ಸ್ಥಳಗಳಿವು, ಹೆಸರು ‘ತತ್ಕಾಲ್’. ಹವಾನಿಯಂತ್ರಿತ ದರ್ಜೆಗಳಿಗೆ ಹತ್ತು ಗಂಟೆಗೆ, ಉಳಿದವಕ್ಕೆ ಹನ್ನೊಂದಕ್ಕೆ ಬಾಗಿಲು ತೆರೆಯುತ್ತದೆ.

ಬಾಗಿಲು ತೆರೆಯಿತು. ಮನೆಯ ಯಜಮಾನರು ಹೆಸರು, ವಯಸ್ಸು, ಮಲಗಲು ಮೇಲಿನ ಹಲಗೆಯೋ ಕೆಳಗಿನದೋ ಎಂಬುದೆಲ್ಲವನ್ನೂ ತುಂಬಿ, ಸೊಟ್ಟಸೊಟ್ಟಗೆ ಬರೆದ ಅಕ್ಷರಗಳನ್ನು ಕನ್ನಡಕ ಸರಿಪಡಿಸಿಕೊಂಡು ಓದಿ, ಹಣ ಸಲ್ಲಿಸಲು ಅಣಿಯಾಗುವಷ್ಟರಲ್ಲಿ ಸ್ಥಳಗಳೆಲ್ಲ ಭರ್ತಿಯಾಗಿ ಹೋಗಿರುತ್ತವೆ. ನಿಲ್ದಾಣದ ಕಿಟಕಿಯ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದ ದಿನಗಳಲ್ಲಾದರೆ ನಡುವೆ ನುಗ್ಗಿದವನ ಭುಜ ಹಿಡಿದು, “ಏನ್ರೀ, ನಾವೇನು ಇಲ್ಲಿ ಕಂಬ ಎಣಿಸಲು ನಿಂತಿದ್ದೇವೆಯೆ?” ಎಂದು ಗದರಿಸಬಹುದಾಗಿತ್ತು. ಈಗ ಯಾರ ಭುಜ ಹಿಡಿಯುವುದು?

ಈ ಪ್ರಶ್ನೆಗೆ ೨೦೨೫ರ ಜೂನ್ ತಿಂಗಳಲ್ಲಿ ರೈಲ್ವೆ ಸಚಿವಾಲಯವೇ ಉತ್ತರ ಕೊಟ್ಟಿತು. ತತ್ಕಾಲ್ ಬಾಗಿಲು ತೆರೆದ ಮೊದಲ ಐದು ನಿಮಿಷಗಳಲ್ಲಿ ಒಳಬರಲು ನಡೆಯುವ ಪ್ರಯತ್ನಗಳ ಪೈಕಿ ಅರ್ಧದವರೆಗೂ ಮನುಷ್ಯರವಲ್ಲ, ಯಂತ್ರಗಳವು! ಸಂದೇಹಕ್ಕೆ ಆಸ್ಪದವಿತ್ತ ಎರಡೂವರೆ ಕೋಟಿ ಖಾತೆಗಳನ್ನು ಕಿತ್ತುಹಾಕಿರುವುದಾಗಿಯೂ ಸಚಿವಾಲಯ ತಿಳಿಸಿತು. ೨೦೧೧ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ ೬.೧೧ ಕೋಟಿ. ಅಂದಮೇಲೆ, ನಮ್ಮ ರಾಜ್ಯದ ಜನರಲ್ಲಿ ಐದಕ್ಕೆ ಇಬ್ಬರಂತೆ ಎಣಿಸಿದರೆ ಎಷ್ಟಾಗುವುದೋ ಅಷ್ಟು ಮಂದಿ ಅನುಮಾನದ ಆಸಾಮಿಗಳು ಆ ಒಂದೇ ಬಾಗಿಲಲ್ಲಿ ಕಿಕ್ಕಿರಿದಿದ್ದರು!

ಬಾಟ್ ಎಂಬ ಪ್ರಾಣಿ

ಈ ಯಂತ್ರಕ್ಕೆ ಕೈಕಾಲುಗಳಿಲ್ಲ, ಮುಖವಿಲ್ಲ. ಗಣಕಕ್ಕೆ ಬರೆದುಕೊಟ್ಟ ಕೆಲವು ಸಾಲುಗಳ ಆಜ್ಞೆ, ಅಷ್ಟೆ. ಚೆಕ್ ನಾಟಕಕಾರ ಕಾರೆಲ್ ಚಾಪೆಕ್ ೧೯೨೦ರಲ್ಲಿ ತನ್ನ ನಾಟಕವೊಂದರಲ್ಲಿ ‘ರೋಬಾಟ್’ ಎಂಬ ಶಬ್ದವನ್ನು ಬಳಕೆಗೆ ತಂದನು. ಅವನ ಭಾಷೆಯಲ್ಲಿ ಅದರ ಮೂಲಾರ್ಥ ಬಿಟ್ಟಿದುಡಿಮೆ. ಆ ಶಬ್ದದ ತಲೆ ಕತ್ತರಿಸಿದಾಗ ಉಳಿದುದೇ ‘ಬಾಟ್’. ಮನುಷ್ಯ ಜಾಲತಾಣವೊಂದಕ್ಕೆ ಹೋಗಿ ಮಾಡುವ ಕೆಲಸವನ್ನು ಅವನ ಪರವಾಗಿ, ದಣಿವಿಲ್ಲದೆ, ಬೇಸರವಿಲ್ಲದೆ, ಕಣ್ಣುರೆಪ್ಪೆ ಮುಚ್ಚಿ ತೆರೆಯುವುದರೊಳಗಾಗಿ ಮಾಡಿ ಮುಗಿಸುವುದು ಇದರ ಕಸುಬು.

ಬಾಟ್‌ಗಳೆಲ್ಲ ದುಷ್ಟವೆಂದು ತಿಳಿಯಬೇಕಾಗಿಲ್ಲ. ನೀವು ಗೂಗಲ್‌ನಲ್ಲಿ ಏನನ್ನಾದರೂ ಹುಡುಕಿ ಪಡೆಯುವುದು ಸಾಧ್ಯವಾಗಿರುವುದೇ ಅದರ ಬಾಟ್‌ಗಳು ಹಗಲಿರುಳು ಜಾಲತಾಣಗಳನ್ನು ಸುತ್ತಿ ಪಟ್ಟಿ ಮಾಡಿಡುವುದರಿಂದ. ಇಂಥ ಸಂಭಾವಿತ ಬಾಟ್‌ಗಳಿಗಾಗಿ ಒಂದು ಶಿಷ್ಟಾಚಾರವೂ ಉಂಟು. ಮಾರ್ಟಿನ್ ಕಾಸ್ಟರ್ ಎಂಬ ಡಚ್ ತಂತ್ರಜ್ಞರು ೧೯೯೪ರಲ್ಲಿ ಸೂಚಿಸಿದಂತೆ, ಜಾಲತಾಣದ ಒಡೆಯನು ‘ರೋಬಾಟ್ಸ್’ ಎಂಬ ಹೆಸರಿನ ಒಂದು ಸಣ್ಣ ಚೀಟಿಯನ್ನು ಬಾಗಿಲಲ್ಲಿ ಅಂಟಿಸಿರುತ್ತಾನೆ: ಈ ಕೋಣೆಗೆ ಬರಬಹುದು, ಆ ಕೋಣೆಗೆ ಬರಬಾರದು. ಸಂಭಾವಿತನು ಚೀಟಿಯನ್ನೋದಿ ನಡೆದುಕೊಳ್ಳುತ್ತಾನೆ. ಕಳ್ಳನು ಚೀಟಿಯನ್ನೋದಿ, ಬೆಲೆಬಾಳುವ ವಸ್ತು ಯಾವ ಕೋಣೆಯಲ್ಲಿದೆಯೆಂದು ತಿಳಿದುಕೊಳ್ಳುತ್ತಾನೆ!

ಇಂಪರ್ವಾ ಎಂಬ ರಕ್ಷಣಾ ಸಂಸ್ಥೆಯ ಲೆಕ್ಕದಂತೆ ೨೦೨೪ರಲ್ಲಿ ಅಂತರಜಾಲದ ಒಟ್ಟು ಸಂಚಾರದಲ್ಲಿ ಶೇಕಡ ೫೧ ಯಂತ್ರಗಳದ್ದು. ದುರುದ್ದೇಶದ ಬಾಟ್‌ಗಳ ಪಾಲೇ ಶೇಕಡ ೩೭. ಇದು ರಕ್ಷಣೆಯನ್ನು ಮಾರುವವರ ಲೆಕ್ಕವಾದುದರಿಂದ ಸ್ವಲ್ಪ ಎಚ್ಚರದಿಂದಲೇ ಓದಬೇಕು. ಆದರೂ ನಮ್ಮ ರೈಲ್ವೆಯ ಲೆಕ್ಕ ಅದಕ್ಕೆ ಬಹು ದೂರದಲ್ಲಿಲ್ಲವೆಂಬುದನ್ನು ಗಮನಿಸಿ.

ಇಪ್ಪತ್ತೈದು ಸೆಕೆಂಡಿನ ಶಾಸನ

ದಲ್ಲಾಳಿಯ ಕೈಚಳಕ ಹೀಗಿರುತ್ತದೆ. ಹತ್ತಾರು, ನೂರಾರು ಹುಸಿ ಹೆಸರುಗಳಲ್ಲಿ ಅವನು ಮೊದಲೇ ಖಾತೆಗಳನ್ನು ತೆರೆದಿಟ್ಟಿರುತ್ತಾನೆ. ಗಿರಾಕಿಗಳ ಹೆಸರು, ವಯಸ್ಸು, ರೈಲಿನ ಸಂಖ್ಯೆಗಳನ್ನು ಹಿಂದಿನ ರಾತ್ರಿಯೇ ಸಾಫ್ಟ್‌ವೇರಿಗೆ ಉಣಿಸಿ ಮಲಗುತ್ತಾನೆ. ಹತ್ತು ಗಂಟೆ ಹೊಡೆದೊಡನೆ ಅದು ಎಲ್ಲ ಖಾತೆಗಳಿಂದಲೂ ಒಟ್ಟಿಗೆ ಒಳನುಗ್ಗಿ, ನಾವು ಒಂದು ಹೆಸರನ್ನು ಅಚ್ಚೊತ್ತುವುದರೊಳಗೆ ಎಲ್ಲ ಹೆಸರುಗಳನ್ನೂ ತುಂಬಿ, ಹಣ ಸಲ್ಲಿಸಿ ಹೊರಬಂದಿರುತ್ತದೆ. ಅನಂತರ ಅದೇ ಟಿಕೆಟು ದುಪ್ಪಟ್ಟು ಬೆಲೆಗೆ ಕೈಬದಲಾಯಿಸುತ್ತದೆ. ಕೊಳ್ಳುವವರು ಯಾರು? ಹತ್ತು ಗಂಟೆಗೆ ಸೋತ ನಮ್ಮ ಯಜಮಾನರೇ! ಸಾವಿನ ಮನೆಗೆ ಹೊರಟವರು ಬೆಲೆಯ ಬಗ್ಗೆ ಚೌಕಾಶಿ ಮಾಡುವುದಿಲ್ಲವೆಂಬುದು ದಲ್ಲಾಳಿಗೆ ಚೆನ್ನಾಗಿ ಗೊತ್ತು.

ಇದಕ್ಕೆ ಪ್ರತಿಯಾಗಿ ಟಿಕೆಟು ಮಾರುವ ಐಆರ್‌ಸಿಟಿಸಿ ಸಂಸ್ಥೆ ಹೂಡಿದ ಉಪಾಯಗಳಲ್ಲಿ ಒಂದು ಬಲು ಸ್ವಾರಸ್ಯವಾದದ್ದು. ಪ್ರಯಾಣಿಕರ ವಿವರವನ್ನು ತುಂಬಲು ಕನಿಷ್ಠ ೨೫ ಸೆಕೆಂಡುಗಳಾದರೂ ಆಗಲೇಬೇಕೆಂದು ಅದು ಗೊತ್ತುಮಾಡಿತು. ಸೊಟ್ಟ ಅಕ್ಷರಗಳನ್ನು ಓದಿ ಬರೆಯಲು ಕನಿಷ್ಠ ೫ ಸೆಕೆಂಡು. ಅದಕ್ಕಿಂತ ಬೇಗ ಮುಗಿಸಿದವನು ಮನುಷ್ಯನಲ್ಲ! ಚುರುಕಾಗಿರುವುದೇ ತಪ್ಪೆಂದು ವಿಧಿಸಿದ ಶಾಸನ ಸರ್ಕಾರಿ ವ್ಯವಹಾರದ ಚರಿತ್ರೆಯಲ್ಲಿ ಇದೊಂದೇ ಇರಬೇಕು. ಆದರೆ ಸಾಫ್ಟ್‌ವೇರಿಗೆ ‘೨೫ ಸೆಕೆಂಡು ಕಾಯಿ’ ಎಂದು ಹೇಳಿಕೊಡುವುದು ಎಷ್ಟರ ಕೆಲಸ? ಕಾಯುವುದರಲ್ಲಿಯೂ ಯಂತ್ರವೇ ನಮಗಿಂತ ಮೇಲು. ಅದಕ್ಕೆ ಬೆರಳು ನಡುಗುವುದಿಲ್ಲ.

ಬೇಲಿಯೇ ಎದ್ದು ಹೊಲ ಮೇಯ್ದ ಪ್ರಸಂಗವೂ ನಡೆದುಹೋಗಿದೆ. ೨೦೧೭ರ ಡಿಸೆಂಬರಿನಲ್ಲಿ ಸಿಬಿಐ ತನ್ನಲ್ಲಿಯೇ ಕೆಲಸಕ್ಕಿದ್ದ ಸಹಾಯಕ ಪ್ರೋಗ್ರಾಮರನೊಬ್ಬನನ್ನು ಬಂಧಿಸಿತು. ತತ್ಕಾಲ್ ಟಿಕೆಟುಗಳನ್ನು ಒಟ್ಟೊಟ್ಟಿಗೆ ಬಾಚುವ ಸಾಫ್ಟ್‌ವೇರನ್ನು ರಚಿಸಿ ದಲ್ಲಾಳಿಗಳಿಗೆ ಬಾಡಿಗೆಗೆ ಕೊಡುತ್ತಿದ್ದನೆಂಬುದು ಅವನ ಮೇಲಿನ ಆರೋಪ. ಸಿಬಿಐ ಸೇರುವ ಮುನ್ನ ಅವನು ಕೆಲವು ವರ್ಷ ದುಡಿದಿದ್ದುದು ಐಆರ್‌ಸಿಟಿಸಿಯಲ್ಲಿಯೇ! ಮರು ವರ್ಷಗಳಲ್ಲಿಯೂ ಈ ವ್ಯಾಪಾರ ನಿಲ್ಲಲಿಲ್ಲ. ೨೦೨೦ರ ಆರಂಭದಲ್ಲಿ ರೈಲ್ವೆ ರಕ್ಷಣಾ ಪಡೆ ಇಂಥದೇ ಹಲವು ಸಾಫ್ಟ್‌ವೇರುಗಳ ಜಾಲವನ್ನು ಭೇದಿಸಿ ಹಲವರನ್ನು ಸೆರೆಹಿಡಿಯಿತು.

ಕಾನೂನು ಇಲ್ಲವೆಂದಲ್ಲ. ೧೯೮೯ರ ರೈಲ್ವೆ ಕಾಯಿದೆಯ ೧೪೩ನೆಯ ಕಲಮಿನ ಪ್ರಕಾರ ಅಧಿಕಾರವಿಲ್ಲದೆ ಟಿಕೆಟು ಮಾರುವವನಿಗೆ ಮೂರು ವರ್ಷದವರೆಗೆ ಸೆರೆಮನೆ ಕಾದಿದೆ. ಆದರೆ ಆ ಕಾಯಿದೆ ಹುಟ್ಟಿದಾಗ ಅಂತರಜಾಲದ ಟಿಕೆಟೆಂಬುದೇ ಇರಲಿಲ್ಲವಲ್ಲ, ಹೀಗಿರುವಾಗ ಅದು ಹೇಗೆ ಅನ್ವಯವಾದೀತು ಎಂಬ ವಾದ ಬಹುಕಾಲ ನಡೆಯಿತು. ೨೦೨೫ರ ಜನವರಿ ೯ರಂದು ಸುಪ್ರೀಂ ಕೋರ್ಟು, ನೂರಾರು ಖಾತೆಗಳನ್ನು ಸೃಷ್ಟಿಸಿ ಟಿಕೆಟು ಮಾರಿದನೆಂಬ ಆರೋಪದ ಮೊಕದ್ದಮೆಯೊಂದರಲ್ಲಿ, ಕಾಗದದ ಟಿಕೆಟಿಗಿರುವ ನ್ಯಾಯವೇ ಜಾಲದ ಟಿಕೆಟಿಗೂ ಎಂದು ತೀರ್ಪಿತ್ತು ಆ ವಾದವನ್ನು ಮುಗಿಸಿತು.

ಪರೀಕ್ಷಕ ಯಂತ್ರ, ವಿದ್ಯಾರ್ಥಿ ಮನುಷ್ಯ

ಈಗ ಆ ಸೊಟ್ಟ ಅಕ್ಷರಗಳ ಕಥೆಗೆ ಬರೋಣ. ಅದರ ಮೂಲಪುರುಷ ಅಲನ್ ಟ್ಯೂರಿಂಗ್ ಎಂಬ ಇಂಗ್ಲಿಷ್ ಗಣಿತಜ್ಞ. ಅವನಿಗೂ ನಮ್ಮ ಕಡೆಯ ರೈಲಿಗೂ ಒಂದು ಬಾದರಾಯಣ ಸಂಬಂಧ ಉಂಟೆಂಬುದು ಅನೇಕರಿಗೆ ತಿಳಿಯದು. ಅವನ ತಾಯಿಯ ತಂದೆ ಎಡ್ವರ್ಡ್ ಸ್ಟೋನಿ ಮದರಾಸು ರೈಲ್ವೆಯ ಮುಖ್ಯ ಇಂಜಿನಿಯರಾಗಿದ್ದು ತುಂಗಭದ್ರೆಯ ಮೇಲೆ ರೈಲು ಸೇತುವೆ ಕಟ್ಟಿಸಿದವರು. ತಾಯಿ ಹುಟ್ಟಿದ್ದು ಕೊಯಮತ್ತೂರಿನ ಬಳಿಯ ಪೋದನೂರಿನಲ್ಲಿ. ತಾತ ಹೊಳೆಗೆ ಸೇತುವೆ ಹಾಕಿದರೆ, ಮೊಮ್ಮಗ ೧೯೫೦ರಲ್ಲಿ ಮನುಷ್ಯನಿಗೂ ಯಂತ್ರಕ್ಕೂ ನಡುವಿನ ಹೊಳೆಯನ್ನು ಅಳೆಯಹೊರಟನು. ತೆರೆಯ ಹಿಂದೆ ಕುಳಿತು ಉತ್ತರ ಬರೆಯುತ್ತಿರುವುದು ಮನುಷ್ಯನೋ ಯಂತ್ರವೋ ಎಂಬುದನ್ನು ಪ್ರಶ್ನೆ ಕೇಳುವ ಮನುಷ್ಯನು ಪತ್ತೆಹಚ್ಚಲಾರದೆ ಹೋದರೆ, ಯಂತ್ರ ಯೋಚಿಸುತ್ತದೆಯೆಂದು ಏಕೆ ಹೇಳಬಾರದು ಎಂಬುದು ಅವನ ಪ್ರಶ್ನೆಯಾಗಿತ್ತು.

ಅರ್ಧ ಶತಮಾನದ ತರುವಾಯ ಈ ಪರೀಕ್ಷೆ ತಲೆಕೆಳಗಾಯಿತು. ೧೯೯೯ರಲ್ಲಿ ‘ಸ್ಲ್ಯಾಶ್‌ಡಾಟ್’ ಎಂಬ ಅಮೆರಿಕದ ಜಾಲಪತ್ರಿಕೆ ತನ್ನ ಓದುಗರನ್ನು, ಗಣಕವಿಜ್ಞಾನದ ಉನ್ನತ ವ್ಯಾಸಂಗಕ್ಕೆ ಅತ್ಯುತ್ತಮವಾದ ವಿದ್ಯಾಲಯ ಯಾವುದೆಂದು ಮತ ಕೇಳಿತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಹುಡುಗರು ತಮ್ಮ ಶಾಲೆಗೆ ಮತ ಹಾಕಲು ಒಂದು ಬಾಟ್ ಬರೆದರು. ಎಂಐಟಿಯವರು ಸುಮ್ಮನಿರುತ್ತಾರೆಯೆ? ಮರುದಿನ ತಮ್ಮದೊಂದನ್ನು ಛೂಬಿಟ್ಟರು. ಎಂಐಟಿಗೆ ೨೧,೧೫೬ ಮತ, ಕಾರ್ನೆಗಿ ಮೆಲನ್‌ಗೆ ೨೧,೦೩೨. ಉಳಿದ ಯಾವ ಶಾಲೆಗೂ ಸಾವಿರ ಮತಗಳು ಸಹ ಬೀಳಲಿಲ್ಲ. ಹುಡುಗಾಟವೇ ಸರಿ, ಆದರೆ ಮತದ ಜಾಗದಲ್ಲಿ ಹಣವೋ ಔಷಧವೋ ಇದ್ದಿದ್ದರೆ ಎಂಬುದನ್ನು ಊಹಿಸಿಕೊಳ್ಳಿ.

ಅದೇ ಕಾರ್ನೆಗಿ ಮೆಲನ್‌ನ ಲೂಯಿ ಫಾನ್ ಆನ್, ಮ್ಯಾನ್ಯುಯೆಲ್ ಬ್ಲಮ್ ಮತ್ತು ಸಂಗಡಿಗರು ಮನುಷ್ಯನನ್ನು ಪರೀಕ್ಷಿಸುವ ಯಂತ್ರವೊಂದಕ್ಕೆ ‘ಕ್ಯಾಪ್ಚಾ’ ಎಂದು ನಾಮಕರಣ ಮಾಡಿದರು. ಗಣಕಗಳನ್ನೂ ಮನುಷ್ಯರನ್ನೂ ಬೇರ್ಪಡಿಸಿ ಹೇಳುವ ಟ್ಯೂರಿಂಗ್ ಪರೀಕ್ಷೆ ಎಂಬರ್ಥದ ಉದ್ದನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಅವು. ವಿಕಾರವಾಗಿ ಬಾಗಿಸಿದ ಅಕ್ಷರವನ್ನು ಓದುವ ವಿದ್ಯೆ ಆಗಿನ ಯಂತ್ರಗಳಿಗೆ ಇರಲಿಲ್ಲ. ೨೦೦೭ರಲ್ಲಿ ಇದಕ್ಕೊಂದು ಸದುಪಯೋಗವೂ ದೊರೆಯಿತು: ಹಳೆಯ ಪುಸ್ತಕ, ಪತ್ರಿಕೆಗಳಲ್ಲಿ ಯಂತ್ರಕ್ಕೆ ಓದಲು ಬಾರದ ಪದಗಳನ್ನೇ ಒಗಟಾಗಿ ಒಡ್ಡಿ, ಜನರಿಂದ ಓದಿಸಿ, ಗ್ರಂಥಗಳನ್ನು ಗಣಕಕ್ಕೆ ಏರಿಸತೊಡಗಿದರು. ೨೦೦೯ರಲ್ಲಿ ಗೂಗಲ್ ಅದನ್ನು ಕೊಂಡುಕೊಂಡಿತು. ಮುಂದೆ ಬಂದುದೇ, ಚಿತ್ರದಲ್ಲಿ ಬಸ್ಸು ಎಲ್ಲಿದೆ, ಸಂಚಾರದ ದೀಪ ಎಲ್ಲಿದೆ ಎಂದು ನಮ್ಮನ್ನು ಕೇಳುವ ಪರೀಕ್ಷೆ.

ಆದರೆ ವಿದ್ಯಾರ್ಥಿಗಳಿಗೆ ಪ್ರಶ್ನೆಪತ್ರಿಕೆ ಹಾಕುತ್ತಲೇ ಹೋದರೆ ಕೊನೆಗೆ ಚೆನ್ನಾಗಿ ಕಲಿಯುವವರು ಯಾರು? ೨೦೨೩ರಲ್ಲಿ ಕ್ಯಾಲಿಫೋರ್ನಿಯದ ಅರ್ವೈನ್ ವಿಶ್ವವಿದ್ಯಾನಿಲಯದ ಸಂಶೋಧಕರು ಪ್ರಕಟಿಸಿದ ಫಲಿತಾಂಶ ನಗುವಂತೆಯೂ ಇದೆ, ಅಳುವಂತೆಯೂ ಇದೆ. ಸೊಟ್ಟ ಅಕ್ಷರಗಳನ್ನು ಓದಲು ಮನುಷ್ಯರಿಗೆ ೯ರಿಂದ ೧೫ ಸೆಕೆಂಡು ಬೇಕಾಯಿತು. ನೂರಕ್ಕೆ ೫೦ರಿಂದ ೮೪ ಸಲ ಮಾತ್ರ ಸರಿಯುತ್ತರ. ಬಾಟ್‌ಗಳಾದರೋ ಒಂದು ಸೆಕೆಂಡಿನೊಳಗೆ ಶೇಕಡ ೯೯.೮ ಅಂಕ ಗಳಿಸಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದವು! ಮರುವರ್ಷ ಜ್ಯೂರಿಕ್ಕಿನ ಸಂಶೋಧಕರು ಗೂಗಲ್‌ನ ಚಿತ್ರಪರೀಕ್ಷೆಯಲ್ಲಿಯೂ ಯಂತ್ರಕ್ಕೆ ನೂರಕ್ಕೆ ನೂರು ಬರುವುದನ್ನು ತೋರಿಸಿಕೊಟ್ಟರು. ಯಂತ್ರ ಇಷ್ಟು ಕಲಿಯುವ ಮುನ್ನ ಇನ್ನೊಂದು ಒಳದಾರಿಯಿತ್ತು. ಒಗಟನ್ನು ಭಾರತದಲ್ಲಿಯೋ ಬಾಂಗ್ಲಾದೇಶದಲ್ಲಿಯೋ ಚೀನಾದಲ್ಲಿಯೋ ಕುಳಿತ ಬಡವನೊಬ್ಬನಿಗೆ ರವಾನಿಸಿದರೆ ಅವನು ಬಿಡಿಸಿ ಕಳುಹಿಸುತ್ತಿದ್ದನು; ೨೦೧೦ರ ಸುಮಾರಿಗೆ ಸಾವಿರ ಒಗಟಿಗೆ ಕೂಲಿ ಒಂದು ಡಾಲರಿನ ಆಸುಪಾಸು. ಯಂತ್ರವು ಮನುಷ್ಯನಂತೆ ನಟಿಸಲು ಮನುಷ್ಯನನ್ನೇ ಕೂಲಿಗೆ ಹಿಡಿದಿತ್ತು!

ದ್ವಾರಪಾಲಕನ ಉಪಾಯಗಳು

ಹಾಗಾದರೆ ಈಗಿನ ದ್ವಾರಪಾಲಕನು ಮಾಡುವುದೇನು? ಬಂದವನನ್ನು ಪ್ರಶ್ನೆ ಕೇಳುವುದಕ್ಕಿಂತ ಅವನ ನಡೆಯನ್ನು ಗಮನಿಸುವುದೇ ಲೇಸೆಂದು ಅವನು ಕಂಡುಕೊಂಡಿದ್ದಾನೆ. ನಮ್ಮ ಅಜ್ಜಿಯರು ಬಾಗಿಲಿಗೆ ಬಂದ ಅಪರಿಚಿತನ ಊರು ಕೇರಿಯನ್ನು ವಿಚಾರಿಸುತ್ತಲೇ ಅವನ ಕಣ್ಣು ಎಲ್ಲೆಲ್ಲಿ ಹರಿದಾಡುತ್ತದೆಂದು ನೋಡುತ್ತಿರಲಿಲ್ಲವೆ? ಅದೇ ಪರಿ. ಮನುಷ್ಯನ ಬೆರಳು ಪರದೆಯ ಮೇಲೆ ಒಂದೇ ವೇಗದಲ್ಲಿ ಚಲಿಸುವುದಿಲ್ಲ. ತಡವರಿಸುತ್ತದೆ, ತಪ್ಪುತ್ತದೆ, ಹಿಂದಿರುಗುತ್ತದೆ. ಬಾಣ ಬಿಟ್ಟಂತೆ ನೇರವಾಗಿ ಗುಂಡಿಯ ಮಧ್ಯಕ್ಕೇ ಹೋಗಿ ಒತ್ತುವವನ ಮೇಲೆ ಸಂದೇಹ ಹುಟ್ಟಬೇಕು. ಬಂದವನು ತಾನು ಇಂಥ ಕಂಪನಿಯ ಮೊಬೈಲೆಂದು ಹೇಳಿಕೊಂಡು, ಸರ್ವರಿನೊಡನೆ ಮೊದಲ ಗುಟ್ಟಿನ ಮಾತು ಆರಂಭಿಸುವ ರೀತಿ ಬೇರೊಂದು ಯಂತ್ರದಂತಿದ್ದರೆ, ವೇಷಕ್ಕೂ ಭಾಷೆಗೂ ಹೊಂದಿಕೆಯಿಲ್ಲವೆಂದು ತಿಳಿಯಬೇಕು.

ನನಗೆ ಬಹಳ ಮೆಚ್ಚುಗೆಯಾದ ಉಪಾಯವೆಂದರೆ ಕಾಣದ ಅಂಕಣದ್ದು. ಅರ್ಜಿಯ ನಮೂನೆಯಲ್ಲಿ ಹೆಸರು, ವಿಳಾಸಗಳ ಜೊತೆಗೆ ಇನ್ನೊಂದು ಖಾಲಿ ಜಾಗವನ್ನಿಟ್ಟು ಅದು ಕಣ್ಣಿಗೆ ಬೀಳದಂತೆ ಮರೆಮಾಡುತ್ತಾರೆ. ಮನುಷ್ಯನು ಕಾಣದ್ದನ್ನು ತುಂಬುವುದಿಲ್ಲ. ಬಾಟ್ ನೋಡುವುದು ಪುಟದ ಅಂದಚಂದವನ್ನಲ್ಲ, ಅದರ ಹಿಂದಿನ ಬರಹವನ್ನು. ಖಾಲಿ ಜಾಗ ಸಿಕ್ಕಿತೆಂದು ಹಿಗ್ಗಿ ತುಂಬುತ್ತದೆ, ಸಿಕ್ಕಿಬೀಳುತ್ತದೆ. ಕಾಸಿನ ಖರ್ಚಿಲ್ಲ, ಬಂದವರಿಗೆ ತೊಂದರೆಯಿಲ್ಲ. ಜಾಣ ಬಾಟ್ ಇದಕ್ಕೆ ಬೀಳುವುದಿಲ್ಲವೆಂಬುದು ನಿಜ. ಆದರೆ ಕಳ್ಳರೆಲ್ಲ ಜಾಣರಲ್ಲವಲ್ಲ!

ಇನ್ನೊಂದು ಮಾರ್ಗ, ಬಂದವರಿಂದೆಲ್ಲ ಸ್ವಲ್ಪ ಸ್ವಲ್ಪ ಕೂಲಿ ಮಾಡಿಸುವುದು. ಒಳಬರುವ ಮುನ್ನ ನಿಮ್ಮ ಗಣಕ ಒಂದು ಲೆಕ್ಕ ಬಿಡಿಸಿಕೊಡಬೇಕು. ನಿಮಗೆ ಅದು ಒಂದೆರಡು ಸೆಕೆಂಡಿನ ಮಾತು, ನಿಮ್ಮ ಗಮನಕ್ಕೂ ಬಾರದು. ಲಕ್ಷ ಸಲ ಬಾಗಿಲು ಬಡಿಯುವವನಿಗೆ ಮಾತ್ರ ಲಕ್ಷ ಲೆಕ್ಕಗಳ ವಿದ್ಯುತ್ತಿನ ಬಿಲ್ಲು ಬರುತ್ತದೆ. ಸಿಂಥಿಯ ಡ್ವರ್ಕ್ ಮತ್ತು ಮೋನಿ ನಾವೋರ್ ಎಂಬ ವಿಜ್ಞಾನಿಗಳು ೧೯೯೨ರಲ್ಲಿಯೇ, ಬೇಡದ ಮಿಂಚಂಚೆಯನ್ನು ತಡೆಯಲು ಈ ಯೋಚನೆಯನ್ನು ಮುಂದಿಟ್ಟಿದ್ದರು. ಒಂದು ವಿಳಾಸದಿಂದ ನಿಮಿಷಕ್ಕೆ ಇಷ್ಟೇ ಸಲ ಬರಬಹುದೆಂದು ಮಿತಿ ಹಾಕುವುದು ಇವೆಲ್ಲಕ್ಕಿಂತ ಸರಳವಾದ ಕ್ರಮ.

ಮಿತಿ ಹಾಕುವುದರ ಇಕ್ಕಟ್ಟು ೨೦೨೧ರಲ್ಲಿ ಚೆನ್ನಾಗಿ ತಿಳಿದುಬಂತು. ಆ ಏಪ್ರಿಲ್ ೨೮ರಂದು ಹದಿನೆಂಟರಿಂದ ನಲವತ್ತನಾಲ್ಕು ವರ್ಷದವರಿಗೆ ಕೊರೋನಾ ಲಸಿಕೆಯ ನೋಂದಣಿ ‘ಕೋವಿನ್’ ತಾಣದಲ್ಲಿ ಆರಂಭವಾಯಿತು. ಲಸಿಕೆ ಕೆಲವರಿಗೆ ಸಾಲುವಷ್ಟು, ಬೇಕಾದವರು ಕೋಟಿಗಟ್ಟಲೆ. ಲಸಿಕೆ ಎಲ್ಲಿ ಉಂಟೆಂದು ಕ್ಷಣಕ್ಷಣಕ್ಕೂ ನೋಡಿ ಊರವರಿಗೆಲ್ಲ ಸುದ್ದಿ ಮುಟ್ಟಿಸುವ ಬಾಟ್‌ಗಳನ್ನು ಕೆಲವು ತರುಣರು ಪುಕ್ಕಟೆಯಾಗಿ ನಡೆಸಿದರು. ತಮಗೆ ಮಾತ್ರ ಸ್ಥಳ ಕಾದಿರಿಸಿಕೊಳ್ಳುವ ಬಾಟ್‌ಗಳನ್ನು ಬರೆದುಕೊಂಡವರೂ ಇದ್ದರು. ಮೇ ತಿಂಗಳಲ್ಲಿ ಸರ್ಕಾರ ಮಿತಿ ಹಾಕಿತು: ಹೊರಗಿನವರಿಗೆ ಒಂದು ವಿಳಾಸದಿಂದ ಐದು ನಿಮಿಷಕ್ಕೆ ನೂರೇ ವಿಚಾರಣೆ, ದೊರೆಯುವ ಮಾಹಿತಿಯೂ ಅರ್ಧ ಗಂಟೆಯಷ್ಟು ಹಳೆಯದಿರಬಹುದು. ಸ್ವಾರ್ಥಿಯನ್ನು ತಡೆಯಲು ಹಾಕಿದ ಕಟ್ಟು ಪರೋಪಕಾರಿಯ ಕಾಲಿಗೂ ಬಿತ್ತು. ಹಾಕದಿದ್ದರೂ ತಪ್ಪು, ಗಣಕವಿಲ್ಲದ, ಬಾಟ್ ಬರೆಯಬಲ್ಲ ಮಗನಿಲ್ಲದ ಕೂಲಿಕಾರನ ಪಾಲಿಗೆ ಆ ಎರಡು ಬಗೆಯವರೂ ಸಾಲಿನಲ್ಲಿ ಅವನ ಮುಂದೆ ನಿಂತವರೇ.

ನಮ್ಮ ಮನೆಯೊಳಗಿನ ಕಳ್ಳದಾರಿ

ಒಂದು ವಿಳಾಸಕ್ಕೆ ಮಿತಿ ಹಾಕಿದರೆ ಬಾಟ್‌ನ ಒಡೆಯ ಲಕ್ಷ ವಿಳಾಸಗಳನ್ನು ಹುಡುಕುತ್ತಾನೆ. ಆ ವಿಳಾಸಗಳು ಯಾರವು? ನಿಮ್ಮವು, ನಮ್ಮವು! ೨೦೨೪ರ ಮೇ ತಿಂಗಳಲ್ಲಿ ಅಮೆರಿಕದ ಸರ್ಕಾರ ‘೯೧೧ ಎಸ್೫’ ಎಂಬ ಜಾಲವನ್ನು ನಾಶಪಡಿಸಿತು. ಸುಮಾರು ಇನ್ನೂರು ದೇಶಗಳಲ್ಲಿ ಹರಡಿದ್ದ ೧ ಕೋಟಿ ೯೦ ಲಕ್ಷ ವಿಳಾಸಗಳನ್ನು ಅದು ದುಷ್ಕರ್ಮಿಗಳಿಗೆ ಬಾಡಿಗೆಗೆ ಕೊಡುತ್ತಿತ್ತು. ಆ ಗಣಕಗಳ ಒಡೆಯರು ಮಾಡಿದ ಅಪರಾಧವೇನು? ಪುಕ್ಕಟೆಯಾಗಿ ಸಿಕ್ಕಿದ ವಿಪಿಎನ್ ತಂತ್ರಾಂಶವನ್ನು ಹಾಕಿಕೊಂಡದ್ದು, ಅಷ್ಟೆ. ಆ ಬಳಿಕ ಅವರ ಮನೆಯ ಹಿತ್ತಿಲ ದಾರಿಯಿಂದ ಯಾರು ಯಾರೋ ಎಲ್ಲೆಲ್ಲಿಗೋ ಹೋಗಿ ಬರುತ್ತಿದ್ದರು. ಬಾಗಿಲಲ್ಲಿ ಬೀಳುತ್ತಿದ್ದುದು ಮಾತ್ರ ಮನೆಯವರ ಹೆಸರು.

ಮನೆಯ ಕಾವಲಿಗೆಂದು ಗೋಡೆಗೆ ತಗುಲಿಸಿದ ಕ್ಯಾಮೆರಾ ಕೂಡ ಹೀಗೆ ಪರಾಧೀನವಾಗಬಲ್ಲದು. ೨೦೧೬ರಲ್ಲಿ ‘ಮಿರಾಯ್’ ಎಂಬ ಬಾಟ್, ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡನ್ನು ಯಾರೂ ಬದಲಾಯಿಸದಿದ್ದ ಕ್ಯಾಮೆರಾ ಮೊದಲಾದವನ್ನು ವಶಪಡಿಸಿಕೊಂಡಿತು. ಅದರ ಜೋಳಿಗೆಯಲ್ಲಿದ್ದುದು ಅರವತ್ತಕ್ಕೆ ಕೊಂಚ ಹೆಚ್ಚು ಪಾಸ್‌ವರ್ಡುಗಳ ಪಟ್ಟಿ ಮಾತ್ರ. ಅಷ್ಟರಿಂದಲೇ ಆ ಅಕ್ಟೋಬರಿನಲ್ಲಿ ಒಂದು ದಿನ ಅಮೆರಿಕದ ಬಹು ಭಾಗಕ್ಕೆ ಟ್ವಿಟರ್, ನೆಟ್‌ಫ್ಲಿಕ್ಸ್ ಮೊದಲಾದ ತಾಣಗಳು ಕಾಣದಂತಾದವು.

ಗೃಹಿಣಿಯರು ಒಂದು ಬೀಗದ ಕೈಯನ್ನು ಹತ್ತು ಬೀಗಗಳಿಗೆ ಬಳಸಲು ಒಪ್ಪುವುದಿಲ್ಲ. ಆದರೆ ಹಾಲಿನ ಅಂಗಡಿಯ ಖಾತೆಗೂ ಬ್ಯಾಂಕಿನ ಖಾತೆಗೂ ಒಂದೇ ಪಾಸ್‌ವರ್ಡು ಇಡುವ ಮನೆಗಳು ಎಷ್ಟಿಲ್ಲ! ಒಂದು ಕಡೆ ಸೋರಿದ ಪಾಸ್‌ವರ್ಡುಗಳನ್ನು ಹಿಡಿದು ಬಾಟ್‌ಗಳು ಸಾವಿರಾರು ತಾಣಗಳ ಬೀಗಗಳಿಗೆ ಹಾಕಿ ತಿರುಗಿಸಿ ನೋಡುತ್ತವೆ. ಅಮೆರಿಕದ ‘೨೩ಆಂಡ್‌ಮಿ’ ಎಂಬ ವಂಶವಾಹಿ ಪರೀಕ್ಷಾ ಕಂಪನಿಯಲ್ಲಿ ೨೦೨೩ರಲ್ಲಿ ಹೀಗೆ ತೆರೆದುಕೊಂಡುದು ೧೪,೦೦೦ ಖಾತೆಗಳು. ಆ ಖಾತೆಗಳಿಗೆ ಬಂಧುಗಳ ಖಾತೆಗಳು ಹೆಣೆದುಕೊಂಡಿದ್ದುದರಿಂದ ವಿವರ ಕಳೆದುಕೊಂಡವರು ೬೯ ಲಕ್ಷ ಮಂದಿ. ದೊಡ್ಡಪ್ಪನ ಮಗನ ಸೋಮಾರಿತನಕ್ಕೆ ನಮ್ಮ ವಂಶದ ಗುಟ್ಟು ಬೀದಿಗೆ ಬಂದಂತೆ! ಬೇರೆ ಬೇರೆ ತಾಣಕ್ಕೆ ಬೇರೆ ಬೇರೆ ಪಾಸ್‌ವರ್ಡು, ಪಾಸ್‌ವರ್ಡಿನ ಜೊತೆಗೆ ಮೊಬೈಲಿಗೆ ಬರುವ ಓಟಿಪಿ ಇಲ್ಲವೆ ಅಂಥ ಎರಡನೆಯ ಚಿಲಕ, ಹೊಸ ಕ್ಯಾಮೆರಾ ತಂದ ದಿನವೇ ಅದರ ಪಾಸ್‌ವರ್ಡಿನ ಬದಲಾವಣೆ—ಇಷ್ಟನ್ನು ಮಾಡಿದರೆ ಬಾಟ್‌ಗಳಿಗೆ ಕೂಲಿಯಾಳಾಗುವುದರಿಂದಲೂ ಅವುಗಳ ಬೇಟೆಯಾಗುವುದರಿಂದಲೂ ಬಹುಮಟ್ಟಿಗೆ ಪಾರಾಗಬಹುದು.

ಬಿಗಿಯಾದ ಬಾಗಿಲು

ಮತ್ತೆ ರೈಲಿಗೆ ಬರೋಣ. ೨೦೨೫ರಲ್ಲಿ ರೈಲ್ವೆಯವರು ಅಕಮಾಯ್ ಎಂಬ ಅಮೆರಿಕದ ಸಂಸ್ಥೆಯ ಬಾಟ್ ತಡೆಯುವ ವ್ಯವಸ್ಥೆಯನ್ನು ಅಳವಡಿಸಿಕೊಂಡರು. ಜನರ ಕೋರಿಕೆಗಳು ರೈಲ್ವೆಯ ಸರ್ವರನ್ನು ಮುಟ್ಟುವ ಮೊದಲೇ ದಾರಿಯಲ್ಲಿ ಅವನ್ನು ಸೋಸುವ ಜರಡಿಯದು. ಆ ಮೇ ೨೨ರಂದು ಹತ್ತು ಗಂಟೆಯ ಒಂದೇ ನಿಮಿಷದಲ್ಲಿ ೩೧,೮೧೪ ಟಿಕೆಟುಗಳು ವಿಕ್ರಯವಾಗಿ, ಅದುವರೆಗಿನ ದಾಖಲೆಗಳೆಲ್ಲ ಮುರಿದುಬಿದ್ದವು. ಜುಲೈ ೧ರಿಂದ ಜಾಲದಲ್ಲಿ ತತ್ಕಾಲ್ ಕೊಳ್ಳುವವರಿಗೆ ಆಧಾರ್ ಪರಿಶೀಲನೆ ಕಡ್ಡಾಯವಾಯಿತು. ಅದೇ ೧೫ರಿಂದ ಆಧಾರ್‌ನ ಓಟಿಪಿಯೂ ಬೇಕಾಯಿತು. ಅಧಿಕೃತ ಏಜೆಂಟರು ಸಹ ಮೊದಲ ಅರ್ಧ ಗಂಟೆ ಬಾಗಿಲ ಹೊರಗೆ ನಿಲ್ಲಬೇಕೆಂದಾಯಿತು.

ಒಂದು ದೃಷ್ಟಿಯಿಂದ ಇದು ಸರಿಯೇ. ಹುಸಿ ಹೆಸರಿನಲ್ಲಿ ಲಕ್ಷ ಖಾತೆಗಳನ್ನು ತೆರೆಯುವುದು ಸುಲಭ. ಲಕ್ಷ ಆಧಾರ್‌ಗಳನ್ನೂ ಅವಕ್ಕೆ ಹೊಂದಿದ ಮೊಬೈಲುಗಳನ್ನೂ ಸಂಪಾದಿಸುವುದು ಸುಲಭವಲ್ಲ. ಆದರೆ ‘ನೀನು ಮನುಷ್ಯನೆ?’ ಎಂದು ಕೇಳುತ್ತಿದ್ದ ಬಾಗಿಲು ಈಗ ‘ನೀನು ಯಾರು? ಗುರುತು ತೋರಿಸು’ ಎನ್ನತೊಡಗಿತು. ಕಿಟಕಿಯ ಮುಂದಿನ ಸಾಲಿನಲ್ಲಿ ನಿಂತವನನ್ನು ಹಿಂದೆ ಬಹುಕಾಲ ಯಾರೂ ಹೀಗೆ ಕೇಳುತ್ತಿರಲಿಲ್ಲ. ಆಧಾರ್‌ಗೆ ಜೋಡಿಸಿದ ಹಳೆಯ ಮೊಬೈಲ್ ನಂಬರು ಕಳೆದುಹೋದ ಹಿರಿಯರೊಬ್ಬರು ಯಂತ್ರವೂ ಅಲ್ಲ, ದಲ್ಲಾಳಿಯೂ ಅಲ್ಲ. ಆದರೂ ಹತ್ತು ಗಂಟೆಗೆ ಹೊರಗುಳಿಯುವವರು ಅವರೇ. ಕಳ್ಳನನ್ನು ಹಿಡಿಯುವ ಶ್ರಮದಲ್ಲಿ ಎಷ್ಟು ಪಾಲು ಸಾಧುವಿನ ತಲೆಯ ಮೇಲೆ ಬೀಳಬೇಕೆಂಬುದನ್ನು ಬಾಗಿಲು ಕಟ್ಟುವವರು ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಪರೂಪವೆಂದೇ ನನ್ನ ಅಭಿಪ್ರಾಯ.

ಕಣ್ಣಿಲ್ಲದವರ ಪಾಡನ್ನು ನೆನೆದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಸೊಟ್ಟ ಅಕ್ಷರದ ಚಿತ್ರವನ್ನು ಅವರು ಹೇಗೆ ಓದಬೇಕು? ಬ್ಯಾಂಕು, ಮೊಬೈಲುಗಳ ವ್ಯವಹಾರದಲ್ಲಿ ಎದುರಿಗಿರುವುದು ಜೀವಂತ ಮನುಷ್ಯನೆಂದು ಖಚಿತಪಡಿಸಿಕೊಳ್ಳಲು ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಿರೆಂದು ಕೇಳುವ ಪದ್ಧತಿ ಬಂತು. ಆಮ್ಲದ ದಾಳಿಗೆ ತುತ್ತಾಗಿ ರೆಪ್ಪೆಗಳನ್ನೇ ಕಳೆದುಕೊಂಡ ಮಹಿಳೆಯರು ಏನನ್ನು ಮಿಟುಕಿಸಬೇಕು? ಅಂಥವರೂ ದೃಷ್ಟಿಹೀನರೂ ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ಅಂತರಜಾಲದ ಸೇವೆಗಳನ್ನು ಪಡೆಯುವ ಅವಕಾಶ ಸಂವಿಧಾನದ ೨೧ನೆಯ ವಿಧಿಯ ಜೀವಿಸುವ ಹಕ್ಕಿನಲ್ಲಿಯೇ ಅಡಗಿದೆಯೆಂದು ೨೦೨೫ರ ಏಪ್ರಿಲ್ ೩೦ರಂದು ನ್ಯಾಯಾಲಯ ಸಾರಿತು. ಜೀವಂತಿಕೆಯನ್ನು ತೋರಿಸಲು ಕಣ್ಣು ಮಿಟುಕಿಸುವುದಲ್ಲದೆ ಬೇರೆ ಮಾರ್ಗಗಳನ್ನೂ ಕಲ್ಪಿಸಬೇಕೆಂದು ಆದೇಶಿಸಿತು.

ಇಷ್ಟರಲ್ಲಿ ಬಾಗಿಲಿಗೆ ಹೊಸ ಅತಿಥಿಯೊಬ್ಬನು ಬಂದಿದ್ದಾನೆ. “ನನಗೊಂದು ಟಿಕೆಟು ತೆಗೆದುಕೊಡು, ಈ ಸಾಮಾನು ಕೊಂಡುಕೊಡು” ಎಂದು ಹೇಳಿದರೆ ತಾನೇ ತಾಣಕ್ಕೆ ಹೋಗಿ ಕೆಲಸ ಮುಗಿಸಿಕೊಂಡು ಬರುವ ಕೃತಕ ಬುದ್ಧಿಯ ಸಹಾಯಕನು ಇವನು. ಯಂತ್ರವೆಂಬುದು ನಿಜ, ಆದರೆ ಕಳುಹಿಸಿದವರು ಮೊಣಕಾಲು ನೋವಿನ, ಕಣ್ಣು ಮಂಜಾದ ಅಜ್ಜಿಯೇ ಆಗಿರಬಹುದು. ಇವನನ್ನು ದಲ್ಲಾಳಿಯ ಬಾಟ್‌ನೊಡನೆ ಸೇರಿಸಿ ಹೊರದಬ್ಬುವುದೆ, ಅಜ್ಜಿಯ ಕೈಯೆಂದು ಭಾವಿಸಿ ಒಳಬಿಡುವುದೆ? ೨೦೨೫ರ ನವೆಂಬರಿನಲ್ಲಿ ಅಮೆರಿಕದ ಅಮೆಜಾನ್ ಅಂಗಡಿಯವರು ಪರ್‌ಪ್ಲೆಕ್ಸಿಟಿ ಎಂಬ ಕಂಪನಿಯ ಮೇಲೆ ಸ್ಯಾನ್ ಫ್ರಾನ್ಸಿಸ್ಕೋದ ನ್ಯಾಯಾಲಯದಲ್ಲಿ ಇದೇ ಜಗಳ ಹೂಡಿದರು. ಆ ಕಂಪನಿಯ ಸಹಾಯಕನು ತಾನು ಯಂತ್ರವೆಂಬುದನ್ನು ಹೇಳದೆ ಗಿರಾಕಿಯ ವೇಷದಲ್ಲಿ ಅಂಗಡಿಯೊಳಗೆ ತಿರುಗಾಡುತ್ತಾನೆಂಬುದು ಅವರ ದೂರು. ಗಿರಾಕಿಯೇ ಕಳುಹಿಸಿದ ಆಳಿಗೆ ಗಿರಾಕಿಗಿರುವಷ್ಟೇ ಹಕ್ಕು ಉಂಟೆಂಬುದು ಎದುರು ಪಕ್ಷದ ವಾದ.